ಕಾಡುದಾರಿಯ ಕುದುರೆ: ಅದರ ಹುಲ್ಲು, ಅದರ ಕಾಗದಪತ್ರ

ಅಮೆರಿಕದ ಪಶ್ಚಿಮ ರಾಜ್ಯಗಳ ಮೇವಿನ ಅಂಗಡಿಗಳಲ್ಲಿ ಒಣಹುಲ್ಲಿನ ಪೆಂಡಿಗಳು ಎರಡು ಬಗೆಯಾಗಿ ಸಿಗುತ್ತವೆ. ನೋಡಲು ಎರಡೂ ಒಂದೇ. ಅದೇ ಹಸಿರು, ಅದೇ ವಾಸನೆ, ಹೆಚ್ಚುಕಡಿಮೆ ಅದೇ ತೂಕ. ಬೇರೆಯಾಗಿರುವುದು ಕಟ್ಟಿದ ಹುರಿ ಮಾತ್ರ. ಕಿತ್ತಳೆ ಮತ್ತು ನೀಲಿ ಎಳೆಗಳನ್ನು ಸೇರಿಸಿ ಹೊಸೆದ ಹುರಿಯಲ್ಲಿ ಕಟ್ಟಿದ್ದರೆ, ಆ ಹುಲ್ಲು ಬೆಳೆದ ಹೊಲವನ್ನು ಕೊಯ್ಲಿಗೆ ಮುಂಚೆ ಸರ್ಕಾರದ ತಪಾಸಣೆಗಾರರು ನಡೆದು ನೋಡಿದ್ದಾರೆ, ಹಾನಿಕಾರಕ ಕಳೆಯ ಬೀಜ ಅಲ್ಲಿಲ್ಲ ಎಂದು ಒಪ್ಪಿದ್ದಾರೆ ಎಂದರ್ಥ. ಈ ಪೆಂಡಿಗೆ ಬೆಲೆ ಹೆಚ್ಚು. ಮನೆಯ ಲಾಯದಲ್ಲಿ ಕುದುರೆ ಕಟ್ಟಿಕೊಂಡವರಿಗೆ ಇದರ ಅಗತ್ಯವಿಲ್ಲ. ಕುದುರೆಯನ್ನು ಟ್ರೇಲರಿಗೆ ಹತ್ತಿಸಿ ರಾಷ್ಟ್ರೀಯ ಅರಣ್ಯದ ಕಡೆ ಹೊರಡುವವರಿಗೆ ಮಾತ್ರ ಇದು ಬೇಕೇ ಬೇಕು.

ಅಲ್ಲಿ ಟ್ರೇಲ್ ಸವಾರರು ಎನಿಸಿಕೊಳ್ಳುವವರು ಪಂದ್ಯದವರಲ್ಲ, ಪ್ರದರ್ಶನದವರೂ ಅಲ್ಲ. ರಜೆ ಸಿಕ್ಕಾಗ ಸ್ವಂತ ಕುದುರೆಯೇರಿ ಬೆಟ್ಟ ಕಣಿವೆ ಸುತ್ತುವ ಸಾಮಾನ್ಯ ಜನ. ಅವರಿಗೆ ತೆರೆದಿರುವ ಸಾರ್ವಜನಿಕ ನೆಲ ಅಪಾರ. ಅಮೆರಿಕದ ಅರಣ್ಯ ಸೇವೆಯ ವಶದಲ್ಲಿ ಸುಮಾರು 19.3 ಕೋಟಿ ಎಕರೆ, ಭೂ ನಿರ್ವಹಣಾ ಬ್ಯೂರೋ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ 2,650 ಮೈಲಿ ಹಬ್ಬಿರುವ ಪೆಸಿಫಿಕ್ ಕ್ರೆಸ್ಟ್ ದಾರಿಯಲ್ಲಿ ಕಾಲ್ನಡಿಗೆಯವರಿಗೆ ಇರುವಷ್ಟೇ ಹಕ್ಕು ಕುದುರೆಯವರಿಗೂ ಉಂಟು, ಸೈಕಲಿನವರಿಗೆ ಇಲ್ಲ. ಈ ಸ್ವಾತಂತ್ರ್ಯಕ್ಕೆ ಎರಡು ಬಗೆಯ ಕಟ್ಟುಪಾಡುಗಳಿವೆ. ಒಂದು, ಕುದುರೆ ತಿನ್ನುವುದರ ಮೇಲೆ. ಇನ್ನೊಂದು, ಕುದುರೆಯನ್ನು ಊರಿಂದೂರಿಗೆ ಸಾಗಿಸುವುದರ ಮೇಲೆ. ಇವನ್ನು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲದಲ್ಲಿ ಬರೆದಿವೆ. ಆದರೂ ಒಟ್ಟಿಗೆ ಇಟ್ಟು ನೋಡಿದರೆ ಎರಡರ ಚಿಂತೆಯೂ ಒಂದೇ. ಬೀಜವಾಗಲಿ, ರೋಗಾಣುವಾಗಲಿ, ಕಣ್ಣಿಗೆ ಕಾಣದ್ದೊಂದು ಕುದುರೆಯ ಜೊತೆಯಲ್ಲಿ ಪಯಣ ಮಾಡಿ, ಇಲ್ಲದ ಕಡೆ ಹೋಗಿ ನೆಲೆಸಬಾರದು. ಈ ನಿಯಮಗಳಿಗೆ ಕಾರಣ ಗಟ್ಟಿಯಾಗಿಯೇ ಇದೆ. ಅವು ಜಾರಿಯಲ್ಲಿರುವ ರೀತಿಯಲ್ಲಿ ಮಾತ್ರ ತೊಡಕಿದೆ ಎಂಬುದು ನನ್ನ ನಿಲುವು.

ಹುಲ್ಲಿನಿಂದಲೇ ಶುರುಮಾಡೋಣ. ಲೀಫಿ ಸ್ಪರ್ಜ್ ಎಂಬುದು ನಮ್ಮ ಕಳ್ಳಿಯ ಕುಲಕ್ಕೆ ಸೇರಿದ, ಮುರಿದರೆ ಹಾಲು ಸುರಿಸುವ ಗಿಡ. ಯುರೋಪ್ ಕಡೆಯಿಂದ ಬಂದದ್ದು. ಅಮೆರಿಕದಲ್ಲಿ ಅದನ್ನು ಮೊದಲು ಗುರುತಿಸಿದ್ದು 1827ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಬೇರು ಹಲವು ಮೀಟರ್ ಆಳಕ್ಕೆ ಇಳಿಯುತ್ತದೆ. ಬಲಿತ ಕಾಯಿ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಆ ಹಾಲು ಬಾಯಿ ಹೊಟ್ಟೆ ಉರಿಸುವುದರಿಂದ ದನಗಳು ಮುಟ್ಟುವುದಿಲ್ಲ. ಇಂದು ಉತ್ತರದ ಬಯಲು ಸೀಮೆಯ ಹುಲ್ಲುಗಾವಲುಗಳಲ್ಲಿ ಅದನ್ನು ಬೇರುಸಹಿತ ತೆಗೆಯುವುದು ಆಗದ ಮಾತಾಗಿದೆ.

ಕುದುರೆಯವರು ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಯೆಲ್ಲೊ ಸ್ಟಾರ್‌ಥಿಸಲ್ ಎಂಬ ಹಳದಿ ಹೂವಿನ ಮುಳ್ಳುಗಿಡಕ್ಕೆ. ಮೆಡಿಟರೇನಿಯನ್ ಕಡೆಯ ಈ ಗಿಡ 19ನೆಯ ಶತಮಾನದ ನಡುವೆ, ಚಿನ್ನದ ಬೇಟೆಯ ಕಾಲದಲ್ಲಿ, ಕುದುರೆ ಮಸಾಲೆ ಸೊಪ್ಪಿನ ಬಿತ್ತನೆ ಬೀಜದಲ್ಲಿ ಬೆರೆತು ಕ್ಯಾಲಿಫೋರ್ನಿಯಾಕ್ಕೆ ಬಂತು. ಅಂದರೆ ಮೇವಿಗಾಗಿ ತರಿಸಿದ ಬೀಜದ ಜೊತೆಗೇ ಮೇವನ್ನು ಕೆಡಿಸುವ ಕಳೆಯೂ ಬಂತು. ಇದನ್ನು ವಾರಗಟ್ಟಲೆ ಮೇದ ಕುದುರೆಯ ಮಿದುಳಿನ ಒಂದು ಭಾಗ ಸತ್ತುಹೋಗುತ್ತದೆ. ಆಮೇಲೆ ತುಟಿ ನಾಲಿಗೆ ಹೇಳಿದ ಮಾತು ಕೇಳುವುದಿಲ್ಲ. ಹಸಿವಿರುತ್ತದೆ, ಮುಂದೆ ಹುಲ್ಲಿರುತ್ತದೆ, ಕುದುರೆ ಬಾಯಿ ಆಡಿಸುತ್ತಲೇ ಇರುತ್ತದೆ, ಆದರೆ ಒಂದು ಎಸಳನ್ನೂ ಕಚ್ಚಿ ನುಂಗಲಾರದು. ನೀರು ಕುಡಿಯಲು ಮೂತಿಯನ್ನು ತೊಟ್ಟಿಯೊಳಗೆ ಆಳವಾಗಿ ಮುಳುಗಿಸುತ್ತದೆ. ಇದಕ್ಕೆ ಮದ್ದಿಲ್ಲ. ಮತ್ತೂ ನೋವಿನ ಸಂಗತಿಯೆಂದರೆ, ಕೆಲವು ಕುದುರೆಗಳಿಗೆ ಈ ಗಿಡದ ರುಚಿ ಹತ್ತಿಬಿಡುತ್ತದೆ, ಬೇರೆ ಹುಲ್ಲಿದ್ದರೂ ಇದನ್ನೇ ಹುಡುಕಿ ಮೇಯುತ್ತವೆ. ಕಳೆರಹಿತ ಹುಲ್ಲಿನ ನಿಯಮವನ್ನು ಬರಿಯ ಅಧಿಕಾರಿಗಳ ಕಾಟ ಎಂದು ದೂರುವ ಸವಾರರು ಇದನ್ನೊಮ್ಮೆ ನೆನೆಯಬೇಕು.

ಕನ್ನಡನಾಡಿನವರಿಗೆ ಈ ಕಥೆ ಹೊಸದೇನಲ್ಲ. 1950ರ ದಶಕದಲ್ಲಿ ಅಮೆರಿಕದಿಂದ ಬಂದ ಗೋಧಿಯ ಜೊತೆಗೆ ಬಂತೆಂದು ನಂಬಲಾದ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, ಇಂದು ರಸ್ತೆಬದಿ, ಬೀಳು, ಹೊಲದ ಬದು ಎಲ್ಲೆಡೆ ನಿಂತಿದೆ. ಬಂದ ಮೇಲೆ ಕೀಳುವುದಕ್ಕಿಂತ ಬಾರದಂತೆ ತಡೆಯುವುದು ಎಷ್ಟು ಅಗ್ಗ ಎಂಬುದಕ್ಕೆ ನಮ್ಮ ರೈತರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಮಾಣಪತ್ರ ಕೊಡುವ ಕ್ರಮ ಹೀಗಿದೆ. ಹುಲ್ಲು ಬೆಳೆದ ರೈತ ಕೊಯ್ಲಿಗೆ ಮುಂಚೆ ಕೌಂಟಿಯ ಕಳೆ ನಿಯಂತ್ರಣ ಕಚೇರಿಗೋ ರಾಜ್ಯದ ಕೃಷಿ ಇಲಾಖೆಗೋ ತಿಳಿಸುತ್ತಾನೆ. ತಪಾಸಣೆಗಾರರು ಬಂದು ಹೊಲದ ಅಂಚು ಸುತ್ತಿ, ನಡುವೆಯೂ ಹಾದು ನೋಡುತ್ತಾರೆ. ಪೆಂಡಿ ಒಟ್ಟುವ ಜಾಗವನ್ನೂ ನೋಡುತ್ತಾರೆ. ನೋಡಿದ 10 ದಿನದೊಳಗೆ ಕೊಯ್ಲಾಗಬೇಕು, ತಡವಾದರೆ ಮತ್ತೆ ತಪಾಸಣೆ. ಉತ್ತರ ಅಮೆರಿಕದ ಮಟ್ಟದಲ್ಲಿ ಒಪ್ಪಿಕೊಂಡ ಕಳೆಗಳ ಪಟ್ಟಿಯೊಂದಿದೆ, ಅದಕ್ಕೆ ಆಯಾ ರಾಜ್ಯ ತನ್ನ ಕಳೆಗಳನ್ನು ಸೇರಿಸಿಕೊಳ್ಳುತ್ತದೆ. ಬೀಜ ಕಟ್ಟಿದ ಕಳೆ ಕಂಡರೆ ಆ ಹೊಲದ ಹುಲ್ಲಿಗೆ ಪ್ರಮಾಣಪತ್ರ ಇಲ್ಲ. ಕಂಡ ಕಳೆ ಇನ್ನೂ ಬೀಜ ಕಟ್ಟಿರದಿದ್ದರೆ ಅದನ್ನು ತೆಗೆದುಹಾಕಿಯೋ ಹಾಗೆಯೇ ಕೊಯ್ದೋ ಪಾಸಾಗುವ ದಾರಿ ಉಂಟು. ಹಾಗಾಗಿ ಇದು ಹುಲ್ಲಿನಲ್ಲಿ ಒಂದು ಕಳೆಯೂ ಇಲ್ಲ ಎಂಬ ಭರವಸೆಯಲ್ಲ. ಪಟ್ಟಿಯಲ್ಲಿರುವ ಕಳೆಗಳ ಮೊಳೆಯುವ ಬೀಜ ಇಲ್ಲ ಎಂಬ ಭರವಸೆ. ಕೊಳ್ಳುವವರು ಈ ವ್ಯತ್ಯಾಸ ತಿಳಿದಿರಬೇಕು. ಕೊಲೊರಾಡೊ ರಾಜ್ಯ ಇದಕ್ಕಾಗಿ 1993ರಲ್ಲೇ ಕಾಯಿದೆ ಮಾಡಿತು. ಆಕ್ರಮಣಕಾರಿ ಜೀವಿಗಳ ತಡೆ ಎಲ್ಲ ಕೇಂದ್ರ ಇಲಾಖೆಗಳ ಹೊಣೆ ಎಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶ ಹೊರಡಿಸಿದ್ದು 1999ರಲ್ಲಿ.

ಅರಣ್ಯ ಸೇವೆ ಈ ನಿಯಮವನ್ನು ಇಡೀ ದೇಶಕ್ಕೆ ಒಂದೇ ಸಲ ಹೇರಿಲ್ಲ. ಒಂದೊಂದು ಪ್ರಾಂತ, ಒಂದೊಂದು ಅರಣ್ಯ ತನ್ನದೇ ಆದೇಶ ಹೊರಡಿಸುತ್ತದೆ. ಆದೇಶದ ಮಾತು ಬಿಗಿಯಾಗಿರುತ್ತದೆ: ಪ್ರಮಾಣಪತ್ರವಿಲ್ಲದ ಒಣಹುಲ್ಲನ್ನು ಅರಣ್ಯದೊಳಗೆ ಹೊಂದಿರುವುದು, ಕೂಡಿಡುವುದು, ಸಾಗಿಸುವುದು ಮೂರೂ ನಿಷಿದ್ಧ. ಕುದುರೆಗೆ ಹಾಕಲಿಲ್ಲ, ಟ್ರೇಲರಿನ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಆದರೆ ಅರಣ್ಯದ ನಡುವೆ ಹಾದುಹೋಗುವ ರಾಜ್ಯ ಹೆದ್ದಾರಿಯಲ್ಲೋ ಕೌಂಟಿ ರಸ್ತೆಯಲ್ಲೋ ಹುಲ್ಲಿನ ಲಾರಿ ಹೋದರೆ ತಪ್ಪಲ್ಲ. ಅರಣ್ಯ ಇಲಾಖೆಯ ಸ್ವಂತ ರಸ್ತೆಗೆ ತಿರುಗಿದ ಕ್ಷಣದಿಂದ ಆದೇಶ ಅನ್ವಯಿಸುತ್ತದೆ. ಮೀರಿದವರಿಗೆ 5,000 ಡಾಲರಿನವರೆಗೆ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಬಹುದು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ ಇಂಥ ಹುಲ್ಲಿಗಷ್ಟೇ ಪ್ರವೇಶ. ನೆಲ ಒದ್ದೆಯಾಗಿರುತ್ತದೆಂದು ಅಲ್ಲಿ ಜುಲೈ 1ಕ್ಕಿಂತ ಮೊದಲು ಕುದುರೆ ಕರೆದೊಯ್ದು ಕಾಡಿನೊಳಗೆ ರಾತ್ರಿ ತಂಗಲು ಬಿಡುವುದಿಲ್ಲ.

ಹಬೆಯಲ್ಲಿ ಬೇಯಿಸಿ ಒತ್ತಿದ ಗುಳಿಗೆ ಮೇವಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ಬಿಸಿಗೆ ಬೀಜ ಸತ್ತಿರುತ್ತದೆ. ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಇವತ್ತು ಮನೆಯಲ್ಲಿ ತಿಂದ ಹುಲ್ಲಿನ ಬೀಜ ಕುದುರೆಯ ಹೊಟ್ಟೆಯಲ್ಲಿ ಹಲವು ದಿನ ಜೀವಂತವಾಗಿದ್ದು, ಎಲ್ಲೋ ಬೆಟ್ಟದ ಮೇಲೆ ಲದ್ದಿಯ ಜೊತೆ ಬಿದ್ದು ಮೊಳೆಯಬಹುದು. ಲದ್ದಿ ಗೊಬ್ಬರವೂ ಹೌದಲ್ಲ. ಅದಕ್ಕೇ ಹೊರಡುವ 4 ದಿನ ಮುಂಚಿನಿಂದಲೇ ಪ್ರಮಾಣಿತ ಹುಲ್ಲು ಹಾಕಿ ಎಂಬ ಸಲಹೆ. ಇದನ್ನು ಪರೀಕ್ಷಿಸಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ, ಎಲ್ಲ ಸವಾರರ ಆತ್ಮಸಾಕ್ಷಿಗೆ ಬಿಟ್ಟದ್ದು. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ಕೊಂಡಿ ಇದೇ.

ಕುದುರೆಗಳಿಂದ ನಿಜವಾಗಿಯೂ ಕಳೆ ಹರಡುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನಿಗಳ ಉತ್ತರ ಒಂದೇ ದನಿಯಲ್ಲಿಲ್ಲ. ಅಮೆರಿಕದ ಪೂರ್ವಭಾಗದ ಕಾಡುದಾರಿಗಳ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಣಹುಲ್ಲು ಮತ್ತು ಲದ್ದಿಯನ್ನು ಕುಂಡಗಳಲ್ಲಿ ಹಾಕಿದಾಗ ಹೊರಗಿನ ಸಸ್ಯಗಳು ಮೊಳೆತವು, ಆದರೆ ಅದನ್ನೇ ದಾರಿಯ ಮೇಲೆ ಹಾಕಿದಾಗ ಬದುಕಿ ಉಳಿದವು ತೀರ ಕಡಿಮೆ. ಸವಾರರ ಸಂಘಟನೆಗಳು ಇದನ್ನು ಆಗಾಗ ಎತ್ತಿ ತೋರಿಸುತ್ತವೆ. ವಾಹನದ ಚಕ್ರ, ನಡೆಯುವವರ ಬೂಟು, ಗಾಳಿ, ನೀರು, ಕಾಡುಪ್ರಾಣಿ ಎಲ್ಲವೂ ಬೀಜ ಒಯ್ಯುವಾಗ ಕುದುರೆಯ ಮೇಲೆ ಮಾತ್ರ ಕಣ್ಣೇಕೆ ಎನ್ನುತ್ತವೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಪೂರ್ವದ ದಟ್ಟ ನೆರಳಿನ ಕಾಡಿನ ಫಲಿತಾಂಶವನ್ನು ಮೊಂಟಾನಾದ ಬಿಸಿಲು ಬಯಲಿಗೆ ಹೊಂದಿಸುವುದು ಸರಿಯಲ್ಲ. ಅದೂ ಅಲ್ಲದೆ, ಗಾಡಿ ರಸ್ತೆ ಇಲ್ಲದ ಹತ್ತಾರು ಮೈಲಿ ಒಳಗೆ ಒಂದೇ ಒಂದು ಪೆಂಡಿಯ ಬೀಜ ನೆಲೆಯೂರಿದರೂ ಅದನ್ನು ಕೀಳಲು ಅಲ್ಲಿಗೆ ಯಾರು ಹೋಗುತ್ತಾರೆ? ಅಪಾಯ ಅಪರೂಪದ್ದಾದರೂ ಹಾನಿ ಶಾಶ್ವತ. ಆದ್ದರಿಂದ ನಿಯಮ ಇರಲಿ ಎಂದೇ ನಾನು ಹೇಳುತ್ತೇನೆ.

ಹುಲ್ಲನ್ನು ಹೊತ್ತೊಯ್ಯುವುದೇ ಒಂದು ದೊಡ್ಡ ಸಮಸ್ಯೆ ಎಂಬುದು ಕಾಡಿಗೆ ಹೋಗದವರಿಗೆ ಅಂದಾಜಾಗುವುದಿಲ್ಲ. 450 ಕಿಲೊ ತೂಗುವ ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ 2ರಷ್ಟು, ಅಂದರೆ 9 ಕಿಲೊ ಒಣಮೇವು ಬೇಕು. 5 ದಿನಕ್ಕೆ 45 ಕಿಲೊ. ಹೊರೆ ಹೊರುವ ಹೇಸರಗತ್ತೆ ಸುಮಾರು 70 ಕಿಲೊ ಹೊರಬಲ್ಲದು, ಅದಕ್ಕೂ ಹೊಟ್ಟೆಗೆ ಬೇಕು. ಒಂದು ಕುದುರೆ, ಒಂದು ಹೇಸರಗತ್ತೆಯ 5 ದಿನದ ಹುಲ್ಲನ್ನೇ ಆ ಹೇಸರಗತ್ತೆ ಪೂರ್ತಿ ಹೊರಲಾರದು. ಗುಡಾರ, ದಿನಸಿ, ಮನುಷ್ಯರ ಬಟ್ಟೆಬರೆಯ ಮಾತು ಆಮೇಲಿನದು. ಹಾಗಾಗಿ ಒಳಕಾಡಿಗೆ ಹೋಗುವವರು ಗುಳಿಗೆ ಮೇವು ಒಯ್ದು, ಉಳಿದದ್ದಕ್ಕೆ ಅಲ್ಲಿಯ ಹುಲ್ಲುಗಾವಲನ್ನೇ ನೆಚ್ಚಬೇಕು. ಅದಕ್ಕೂ ಕಟ್ಟಳೆ ಇದೆ. ಕ್ಯಾಲಿಫೋರ್ನಿಯಾದ ಸಿಕೋಯ ಮತ್ತು ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳಲ್ಲಿ ಆ ವರ್ಷ ಬಿದ್ದ ಹಿಮ ನೋಡಿ, ಗೊರಸಿಗೆ ನೆಲ ಕುಸಿಯದಷ್ಟು ಒಣಗಿದ ಮೇಲೆ ಮೇಯಲು ಬಿಡುವ ದಿನವನ್ನು ಗೊತ್ತುಮಾಡುತ್ತಾರೆ. ಇದು ಬುದ್ಧಿವಂತ ನಿಯಮ. ಕ್ಯಾಲೆಂಡರ್ ನೋಡದೆ ನೆಲವನ್ನು ನೋಡುವ ನಿಯಮ.

ದಕ್ಷಿಣ ರಾಜ್ಯಗಳಲ್ಲಿ ಹುಲ್ಲಿನ ಚಿಂತೆಯೇ ಬೇರೆ. ಅಲ್ಲಿನ ಶತ್ರು ದಕ್ಷಿಣ ಅಮೆರಿಕದಿಂದ ಬಂದ ಕೆಂಪು ಬೆಂಕಿಯಿರುವೆ. ಅದು ಹರಡಿರುವ ಪ್ರದೇಶದಿಂದ ಹೊರಗೆ, ನೆಲಕ್ಕೆ ತಾಗಿಸಿ ಇಟ್ಟಿದ್ದ ಹುಲ್ಲಿನ ಪೆಂಡಿ ಒಯ್ಯಲು ಕೇಂದ್ರ ಸರ್ಕಾರದ ನಿರ್ಬಂಧವಿದೆ. ಹಲಗೆಯ ಮೇಲೋ ಬೇರೆ ಪೆಂಡಿಯ ಮೇಲೋ ಇದ್ದದ್ದಕ್ಕೆ ಆ ತೊಂದರೆಯಿಲ್ಲ. ಟೆಕ್ಸಸ್‌ನಿಂದ ಪಶ್ಚಿಮಕ್ಕೆ ಹೊರಡುವ ಸವಾರ ತನ್ನ ಕಣಜದ ಕೆಳಸಾಲಿನ ಪೆಂಡಿಗಳನ್ನು ಬಿಟ್ಟು ಮೇಲಿನವನ್ನು ಒಯ್ಯಬೇಕು.

ಇನ್ನು ಕುದುರೆಯ ವಿಷಯ. ರಾಜ್ಯದ ಗಡಿ ದಾಟುವ ಕುದುರೆಗೆ ಬೇಕಾದ ಮೊದಲ ಕಾಗದ ಕಾಗಿನ್ಸ್ ಪರೀಕ್ಷೆಯದು. ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಲೆರಾಯ್ ಕಾಗಿನ್ಸ್ 1970ರ ಸುಮಾರಿಗೆ ರೂಪಿಸಿದ ಈ ರಕ್ತಪರೀಕ್ಷೆ ಕುದುರೆಗಳ ಸೋಂಕು ರಕ್ತಹೀನತೆಯನ್ನು ಪತ್ತೆಹಚ್ಚುತ್ತದೆ. ಈ ರೋಗಕ್ಕೆ ಲಸಿಕೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ. ಒಮ್ಮೆ ತಗುಲಿದ ಕುದುರೆ ನೋಡಲು ಗುಣವಾದಂತೆ ಕಂಡರೂ ಸಾಯುವವರೆಗೆ ವೈರಾಣು ಹೊತ್ತೇ ಇರುತ್ತದೆ. ಹರಡುವುದು ರಕ್ತ ಹೀರುವ ದೊಡ್ಡ ನೊಣಗಳಿಂದ. ಕಡಿತಕ್ಕೆ ಕುದುರೆ ಬಾಲ ಬೀಸಿ ಓಡಿಸಿದರೆ ನೊಣ ಅರ್ಧ ಹೀರಿದ ರಕ್ತ ಬಾಯಲ್ಲಿಟ್ಟುಕೊಂಡು ಪಕ್ಕದ ಕುದುರೆಯ ಮೇಲೆ ಕೂರುತ್ತದೆ. ದೂರ ಹಾರಿಹೋಗುವುದಿಲ್ಲ. ಆದ್ದರಿಂದಲೇ ಸೋಂಕಿತ ಕುದುರೆಯನ್ನು ಉಳಿಸಿಕೊಳ್ಳಬೇಕೆನ್ನುವವರು ಅದನ್ನು ಬೇರೆ ಕುದುರೆಗಳಿಂದ ಕನಿಷ್ಠ 200 ಗಜ ದೂರದಲ್ಲಿ, ಮೈಮೇಲೆ ಅಳಿಸಲಾಗದ ಗುರುತು ಹಾಕಿಸಿ, ಬದುಕಿರುವಷ್ಟು ಕಾಲ ಒಂಟಿಯಾಗಿ ಇಡಬೇಕು. ಇಲ್ಲವಾದರೆ ದಯಾಮರಣ. ಹೆಚ್ಚಿನ ರಾಜ್ಯಗಳು ಈ ಪರೀಕ್ಷೆಗೆ 12 ತಿಂಗಳ ಮಾನ್ಯತೆ ಕೊಡುತ್ತವೆ; ಕೆಲವು 6 ತಿಂಗಳೊಳಗಿನದನ್ನು ಕೇಳುತ್ತವೆ.

ಈ ಕಾಗದವನ್ನು ಹತ್ತಿರದಿಂದ ನೋಡಬೇಕು. ಅದರಲ್ಲಿ ಕುದುರೆಯ ರೇಖಾಚಿತ್ರವಿರುತ್ತದೆ. ಹಣೆಯ ಬಿಳಿ ಮಚ್ಚೆ, ಯಾವ ಕಾಲಿಗೆ ಎಷ್ಟು ಎತ್ತರ ಬಿಳುಪು, ಹಳೆಯ ಗಾಯದ ಕಲೆ, ಕೂದಲಿನ ಸುಳಿ ಎಲ್ಲವನ್ನೂ ಪಶುವೈದ್ಯರು ಅದರ ಮೇಲೆ ಗುರುತಿಸುತ್ತಾರೆ. ನಮ್ಮ ಜಾತ್ರೆಗಳಲ್ಲಿ ದನ ಕೊಳ್ಳುವವರು ಅದೃಷ್ಟ ತಿಳಿಯಲು ಸುಳಿ ನೋಡುವಂತೆ, ಅಲ್ಲಿ ಇದು ಅದೇ ಕುದುರೆ ಹೌದೋ ಅಲ್ಲವೋ ತಿಳಿಯಲು ಸುಳಿ ನೋಡುತ್ತಾರೆ. ಈಗ ರೇಖಾಚಿತ್ರದ ಜಾಗದಲ್ಲಿ ಎಡ, ಬಲ, ಮುಂಭಾಗದ ಫೋಟೊಗಳು ಬರುತ್ತಿವೆ.

ಎರಡನೆಯದು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ. ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ಜಾನುವಾರು ರೋಗದ ಮೂಲ ಪತ್ತೆಗಾಗಿ 2013ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮ, ರಾಜ್ಯ ದಾಟುವ ಕುದುರೆಗಳಿಗೆ ಗುರುತು ಮತ್ತು ಈ ಪ್ರಮಾಣಪತ್ರ ಎರಡನ್ನೂ ಕಡ್ಡಾಯ ಮಾಡಿತು. ಅದರಲ್ಲಿ ಟ್ರೇಲ್ ಸವಾರರಿಗೆ ಅನುಕೂಲವಾದ ಒಂದು ವಿನಾಯಿತಿ ಇದೆ: ಕುದುರೆಯೇ ಪ್ರಯಾಣದ ವಾಹನವಾಗಿದ್ದು, ಅದರ ಬೆನ್ನೇರಿಯೇ ಗಡಿ ದಾಟಿ, ಹೊರಟ ಜಾಗಕ್ಕೆ ನೇರ ಮರಳುವುದಾದರೆ ಕೇಂದ್ರದ ಪ್ರಮಾಣಪತ್ರ ಬೇಕಿಲ್ಲ. ಅದೇ ಕುದುರೆಯನ್ನು ಟ್ರೇಲರಿನಲ್ಲಿ ಅದೇ ಗಡಿ ದಾಟಿಸಿದರೆ ಬೇಕು. ಪದೇ ಪದೇ ಓಡಾಡುವವರಿಗಾಗಿ ಹಲವು ರಾಜ್ಯಗಳು ಸೇರಿ 6 ತಿಂಗಳ ವಿಸ್ತೃತ ಪ್ರಮಾಣಪತ್ರವನ್ನು ಒಪ್ಪಿಕೊಂಡಿವೆ. ಪ್ರತಿ ಪ್ರಯಾಣವನ್ನೂ ಅದರಲ್ಲಿ ದಾಖಲಿಸಬೇಕು. ಎಲ್ಲ ರಾಜ್ಯಗಳೂ ಇದರಲ್ಲಿ ಸೇರಿಲ್ಲ ಎಂಬುದೇ ಕೊರತೆ. ಕೆನಡಾಕ್ಕೆ ಹೋಗುವವರು ಕೇಂದ್ರ ಸರ್ಕಾರದ ಪಶುವೈದ್ಯರ ಸಹಿಮುದ್ರೆಯನ್ನೂ ಹಾಕಿಸಬೇಕು.

ಮೂರನೆಯದು ಪಶ್ಚಿಮದ್ದೇ ಆದ ವಿಶೇಷ, ಬರೆಯ ತಪಾಸಣೆ. ದನಗಳ್ಳತನ ಕುದುರೆಗಳ್ಳತನ ತಡೆಯಲು ಹುಟ್ಟಿದ ವ್ಯವಸ್ಥೆ ಇದು. ಕೊಲೊರಾಡೊದಲ್ಲಿ ರಾಜ್ಯದೊಳಗೇ 75 ಮೈಲಿಗಿಂತ ದೂರ ಒಯ್ದರೂ, ರಾಜ್ಯದ ಹೊರಗೆ ಒಯ್ದರೂ, ಕುದುರೆ ಕೈಬದಲಾದರೂ ತಪಾಸಣೆಗಾರರಿಗೆ ತೋರಿಸಿ ಕಾಗದ ಪಡೆಯಬೇಕು. ಮೈಮೇಲೆ ಬರೆಯೇ ಇಲ್ಲದ ಕುದುರೆಗೂ ಇದು ತಪ್ಪಿದ್ದಲ್ಲ. ಒಡೆತನ ಬದಲಾಗದಿದ್ದರೆ ಒಮ್ಮೆ ಮಾಡಿಸಿದ ಶಾಶ್ವತ ಕಾರ್ಡ್ ಸಾಕು. ಪೂರ್ವದ ರಾಜ್ಯಗಳಲ್ಲಿ ಇದರ ಹೆಸರೇ ಕೇಳದ ಸವಾರರು ಪಶ್ಚಿಮಕ್ಕೆ ಬಂದು ತಬ್ಬಿಬ್ಬಾಗುವುದು ಇಲ್ಲೇ.

ಇವೆಲ್ಲ ಇದ್ದರೂ ರೋಗ ಎದ್ದಾಗ ನಿಯಮ ರಾತ್ರೋರಾತ್ರಿ ಬದಲಾಗುತ್ತದೆ. 2011ರಲ್ಲಿ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ನಡೆದ ಕುದುರೆ ಸ್ಪರ್ಧೆಯಿಂದ ಹರ್ಪಿಸ್ ವೈರಾಣು ಹಲವು ರಾಜ್ಯಗಳಿಗೆ ಹೋಯಿತು. ಪಶ್ಚಿಮದಾದ್ಯಂತ ಕೂಟಗಳು ರದ್ದಾದವು. ಕುದುರೆಗಳ ಬಾಯಿಹುಣ್ಣಿನ ರೋಗ ವೆಸಿಕ್ಯುಲರ್ ಸ್ಟೊಮಟೈಟಿಸ್ ಮತ್ತೊಂದು. ಕುದುರೆಗೆ ಕಾಲುಬಾಯಿ ರೋಗ ಬರುವುದಿಲ್ಲ, ಆದರೆ ಈ ಹುಣ್ಣು ದನಗಳಿಗೆ ಬಂದಾಗ ಕಾಲುಬಾಯಿ ರೋಗದಂತೆಯೇ ಕಾಣುವುದರಿಂದ ಅಧಿಕಾರಿಗಳು ಒಂದು ಕ್ಷಣವೂ ತಡಮಾಡುವುದಿಲ್ಲ. ಸೋಂಕು ಕಂಡ ಜಾಗಕ್ಕೆ ಕನಿಷ್ಠ 14 ದಿನ ದಿಗ್ಬಂಧನ. ಆ ರಾಜ್ಯದಿಂದ ಬರುವ ಕುದುರೆಗಳಿಗೆ 30 ದಿನದ ಪ್ರಮಾಣಪತ್ರ ಸಾಲದು, ಕೆಲವೇ ದಿನ ಹಿಂದಿನದು ಬೇಕು ಎಂದು ನೆರೆಯ ರಾಜ್ಯಗಳು ಹೇಳುತ್ತವೆ. ಹೋಗುವಾಗ ತೆರೆದಿದ್ದ ದಾರಿ ಬರುವಾಗ ಮುಚ್ಚಿರಬಹುದು.

ವಾಹನದ ನಿಯಮಗಳಲ್ಲಿ ಸವಾರರನ್ನು ಕಾಡುವುದು ತೂಕದ ಲೆಕ್ಕ. ಟ್ರಕ್ಕು, ಟ್ರೇಲರು ಸೇರಿ 26,001 ಪೌಂಡ್ ಮುಟ್ಟಿ, ಟ್ರೇಲರೊಂದೇ 10,000 ಪೌಂಡ್ ಮೀರುವಂತಿದ್ದರೆ ವಾಣಿಜ್ಯ ಚಾಲನಾ ಪರವಾನಗಿಯ ಪ್ರಶ್ನೆ ಏಳುತ್ತದೆ. ಸ್ವಂತ ಸಂತೋಷಕ್ಕೆ, ಬಾಡಿಗೆಯಿಲ್ಲದೆ ಒಯ್ಯುವವರಿಗೆ ಕೇಂದ್ರದ ವಿನಾಯಿತಿ ಇದೆ. ಗೆಳೆಯರ ಕುದುರೆಯನ್ನೂ ಹತ್ತಿಸಿಕೊಂಡು ದುಡ್ಡು ತೆಗೆದುಕೊಂಡರೆ ಆ ವಿನಾಯಿತಿ ಕೈಬಿಡಬಹುದು.

ಆದರೆ ಟ್ರೇಲರಿನೊಳಗಿನ ಪ್ರಾಣಿಯ ಯೋಗಕ್ಷೇಮಕ್ಕೆ ಸಂಬಂಧಿಸಿದ ಕಾನೂನು ತೀರ ತೆಳು. 28 ಗಂಟೆಗಿಂತ ಹೆಚ್ಚು ಕಾಲ ನೀರು ಮೇವು ವಿಶ್ರಾಂತಿ ಇಲ್ಲದೆ ಪ್ರಾಣಿ ಸಾಗಿಸಬಾರದೆಂಬ ಕಾಯಿದೆ 1873ರಷ್ಟು ಹಳೆಯದು, ರೈಲಿನ ಕಾಲದ್ದು, ವೃತ್ತಿಪರ ಸಾಗಣೆದಾರರಿಗೆ ಉದ್ದೇಶಿಸಿದ್ದು. 28 ಗಂಟೆ ಎಂಬುದೇ ಕುದುರೆಯ ಪಾಲಿಗೆ ಅತಿಯಾಯಿತು. ತಲೆ ಎತ್ತಿ ಗಿಡ್ಡ ಹಗ್ಗದಲ್ಲಿ ಕಟ್ಟಿದ ಕುದುರೆ, ಬಗ್ಗಿ ಕೆಮ್ಮಿ ಗಂಟಲು ಶ್ವಾಸನಾಳ ಶುಚಿ ಮಾಡಿಕೊಳ್ಳಲಾಗದೆ, ಹುಲ್ಲಿನ ಬಲೆಯಿಂದ ಉದುರುವ ಧೂಳನ್ನೇ ಗಂಟೆಗಟ್ಟಲೆ ಉಸಿರಾಡುತ್ತದೆ. ಶ್ವಾಸಕೋಶಕ್ಕೆ ಸೋಂಕು ಇಳಿಯುವುದು ಹೀಗೆ. ಅದನ್ನು ಸಾಗಣೆ ಜ್ವರ ಎನ್ನುತ್ತಾರೆ. ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಸಡಿಲಿಸಿ ತಲೆ ತಗ್ಗಿಸಲು ಬಿಟ್ಟು, ನೀರು ತೋರಿಸಿ, ಹುಲ್ಲನ್ನು ನೆನೆಸಿ ಕೊಡುವುದು ಬಲ್ಲವರ ರೂಢಿ. ಹುಲ್ಲಿನ ಬೀಜದ ಬಗ್ಗೆ ಇಷ್ಟು ಬಿಗಿ ತೋರುವ ವ್ಯವಸ್ಥೆ ಕುದುರೆಯ ಉಸಿರಿನ ಬಗ್ಗೆ ಸುಮ್ಮನಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಒಟ್ಟಾರೆ ನೋಡಿದರೆ ಕೈಬಿಡಬಹುದಾದ ನಿಯಮ ಯಾವುದೂ ಕಾಣುವುದಿಲ್ಲ. ಕಷ್ಟವಿರುವುದು ತೇಪೆಯಲ್ಲಿ. ಒಂದು ಅರಣ್ಯದಲ್ಲಿ ಕಡ್ಡಾಯವಾದದ್ದು ಇನ್ನೊಂದರಲ್ಲಿ ಐಚ್ಛಿಕ, ಒಂದು ರಾಜ್ಯಕ್ಕೆ 12 ತಿಂಗಳು ಸಾಕಾದದ್ದು ಇನ್ನೊಂದಕ್ಕೆ 6. ಕಾನೂನು ಪಾಲಿಸಬೇಕೆನ್ನುವ ಸವಾರನೇ ಇಲ್ಲಿ ಹೆಚ್ಚು ಬಳಲುತ್ತಾನೆ. ಕಾಡುಗಳಲ್ಲಿ ಕುದುರೆಯ ಹಕ್ಕು ಉಳಿಯಲೆಂದು 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಹುಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘಟನೆಯಂಥವರು ಎತ್ತಿಕೊಳ್ಳಬೇಕಾದ ಬೇಡಿಕೆಗಳು ಮೂರು: ಎಲ್ಲ ಕೇಂದ್ರ ನೆಲಕ್ಕೂ ಹುಲ್ಲಿನ ಒಂದೇ ನಿಯಮ, ಎಲ್ಲ ರಾಜ್ಯಗಳೂ ಒಪ್ಪುವ 6 ತಿಂಗಳ ಆರೋಗ್ಯಪತ್ರ, ಪ್ರಮಾಣಿತ ಹುಲ್ಲು ಬೆಳೆಯುವ ರೈತನಿಗೆ ತಪಾಸಣೆ ಶುಲ್ಕದಲ್ಲಿ ನೆರವು. ಈ ಮೂರನೆಯದು ಆಗದಿದ್ದರೆ ಮೊದಲನೆಯದು ನಡೆಯದು, ಏಕೆಂದರೆ ಕಡ್ಡಾಯ ಮಾಡಿದಷ್ಟು ಹುಲ್ಲು ಮಾರುಕಟ್ಟೆಯಲ್ಲಿ ಇರಬೇಕಲ್ಲ.

ಅಲ್ಲಿಯವರೆಗೆ, ಅಮೆರಿಕದಲ್ಲಿ ಕುದುರೆ ಸಾಕಿ ಕಾಡಿಗೆ ಹೊರಡುವ ಕನ್ನಡಿಗರಿದ್ದರೆ ಅವರಿಗೂ ಹೇಳುವುದಿಷ್ಟು. ಹೊರಡುವ ವಾರ ಮುಂಚೆ, ಹೋಗುವ ರಾಜ್ಯದ ಪಶುವೈದ್ಯಾಧಿಕಾರಿಯ ಕಚೇರಿಗೂ ಆ ಅರಣ್ಯದ ರೇಂಜರ್ ಕಚೇರಿಗೂ ಫೋನ್ ಮಾಡಿ ಈಗಿನ ನಿಯಮ ಕೇಳಿ. 4 ದಿನ ಮುಂಚಿನಿಂದ ಶುದ್ಧ ಹುಲ್ಲು ಹಾಕಿ. ಟ್ರೇಲರಿನ ಹಳೆಯ ಹುಲ್ಲು, ಲದ್ದಿ ಎಲ್ಲವನ್ನೂ ಮನೆಯಲ್ಲೇ ಗುಡಿಸಿ ತೊಳೆದು ಹೊರಡಿ, ಕಾಡಿನ ಬಾಗಿಲಲ್ಲಿ ಅಲ್ಲ. ಹುಲ್ಲಿನ ರಸೀದಿಯನ್ನೂ ಕಿತ್ತಳೆ ನೀಲಿ ಹುರಿಯನ್ನೂ ಪ್ರವಾಸ ಮುಗಿಯುವವರೆಗೆ ಬಿಸಾಡಬೇಡಿ.